ಸ್ಪಷ್ಟನೆ: 5ಜಿ ಟವರ್ ಮತ್ತು ಮನೆಯ ಡಿಟಿಎಚ್ ಡಿಶ್

ಹತ್ತಿರದಲ್ಲಿ 5ಜಿ ಟವರ್ ಬಂದರೆ ಮನೆಯ ಡಿಟಿಎಚ್ ಕೆಲಸ ಮಾಡುವುದಿಲ್ಲ, ಕೂಡಲೇ ಡಿಶ್‌ಗೆ ಫಿಲ್ಟರ್ ಹಾಕಿಸಿಕೊಳ್ಳಿ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಭಾರತದ ಡಿಟಿಎಚ್ ಪ್ರಸಾರ ನಡೆಯುವುದು ಕೆಯು ಬ್ಯಾಂಡ್‌ನಲ್ಲಿ, ಅಂದರೆ 10.7ರಿಂದ 12.75 ಗಿಗಾಹರ್ಟ್ಸ್ ವ್ಯಾಪ್ತಿಯೊಳಗೆ. 2022ರ ಹರಾಜಿನಲ್ಲಿ 5ಜಿಗಾಗಿ ಮಾರಾಟವಾದ ಮುಖ್ಯ ತರಂಗಾಂತರವಾದರೋ 3.3ರಿಂದ 3.67 ಗಿಗಾಹರ್ಟ್ಸ್. ಇವೆರಡೂ ಬಹಳ ದೂರದೂರದಲ್ಲಿವೆ.

ಸಂದೇಶ ಪೂರ್ತಿ ಕಟ್ಟುಕಥೆಯೇನೂ ಅಲ್ಲ. ಬೇರೆ ಡಿಶ್‌ನ ಸಮಸ್ಯೆಯನ್ನು ಅದು ಮನೆಯ ಡಿಶ್‌ಗೆ ಅಂಟಿಸಿದೆ. ಕೇಬಲ್ ಆಪರೇಟರ್‌ಗಳು ವಾಹಿನಿಗಳನ್ನು ಪಡೆಯುವ ದೊಡ್ಡ ಡಿಶ್‌ಗಳು 3.7ರಿಂದ 4.2 ಗಿಗಾಹರ್ಟ್ಸ್‌ನ ಸಿ ಬ್ಯಾಂಡ್ ಬಳಸುತ್ತವೆ. ಸುಮಾರು 36,000 ಕಿಲೋಮೀಟರ್ ದೂರದ ಉಪಗ್ರಹದಿಂದ ಬರುವ ಸಂಕೇತ ಅತ್ಯಂತ ಕ್ಷೀಣವಾಗಿರುವುದರಿಂದ, ಡಿಶ್‌ನ ಎಲ್‌ಎನ್‌ಬಿ (ಸಂಕೇತವನ್ನು ಹಿಡಿಯುವ ಸಾಧನ) ಪಕ್ಕದ ತರಂಗಾಂತರವನ್ನೂ ಒಳಗೆ ಬಿಟ್ಟುಕೊಳ್ಳುವಂಥದ್ದಾದರೆ, ಸಮೀಪದ ಟವರ್‌ನ ಪ್ರಬಲ ಸಂಕೇತಕ್ಕೆ ಅದು ತಬ್ಬಿಬ್ಬಾಗಿ ಚಿತ್ರ ಕೆಡಬಹುದು. 5ಜಿ ಮತ್ತು ಸಿ ಬ್ಯಾಂಡ್ ನಡುವೆ ಬಿಟ್ಟಿರುವ 30 ಮೆಗಾಹರ್ಟ್ಸ್ ಖಾಲಿ ಜಾಗವೊಂದೇ ಆಗ ಸಾಲದು. ಬೇಕಾದ ತರಂಗಾಂತರವನ್ನಷ್ಟೇ ಒಳಗೆ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಅಳವಡಿಸುವುದು, ಟವರ್ ಆಂಟೆನಾದ ದಿಕ್ಕು ಮತ್ತು ಬಾಗುವಿಕೆಯನ್ನು ಹೊಂದಿಸುವುದು ಇದಕ್ಕೆ ಪರಿಹಾರ. ಅದು ಕೇಬಲ್ ಮತ್ತು ಮೊಬೈಲ್ ಆಪರೇಟರ್‌ಗಳ ಕೆಲಸ, ವೀಕ್ಷಕರದ್ದಲ್ಲ.

ಮಳೆಯಲ್ಲಿ ಡಿಟಿಎಚ್ ಚಿತ್ರ ಹೋಗುವುದಕ್ಕೂ 5ಜಿಗೂ ಸಂಬಂಧವಿಲ್ಲ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.