ವಠಾರ ಒಡೆದು ಪಿಜಿ ಕಟ್ಟಿ, ಬಾಡಿಗೆಗಿದ್ದವರು ಎಲ್ಲಿಗಾದರೂ ಹೋಗಲಿ

ನಮ್ಮ ಬೀದಿಯ ಇನ್ನೊಂದು ವಠಾರವೂ ನೆಲಸಮ ಆಯಿತು. ಬೆಂಗಳೂರಿನ ಬಸವನಗುಡಿ ಕಡೆ ಬೆಳೆದವರಿಗೆ ಗೊತ್ತು, ಒಂದೇ ಗೇಟು, ಒಳಗೆ ಎದುರುಬದುರು ಪುಟ್ಟ ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಬೆಳಿಗ್ಗೆ ಅಲ್ಲೊಂದು ಜಗಳ. ಅಂಥಾ ಸುಖವೇನೂ ಇರಲಿಲ್ಲ ಬಿಡಿ. ಆದರೆ ಗಾಂಧಿ ಬಜಾರಿನಲ್ಲಿ ಹೂ ಮಾರುವವರು, ಮದುವೆ ಮನೆ ಅಡುಗೆಗೆ ಹೋಗುವವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು ಈ ಏರಿಯಾದಲ್ಲಿ ಇಷ್ಟು ವರ್ಷ ಬಾಳಿದ್ದು ಆ ವಠಾರಗಳಿಂದಲೇ. ಈಗ ಅಲ್ಲಿ ಪಿಜಿ ಏಳುತ್ತಿದೆ. ಒಂದು ರೂಮಿಗೆ ಮೂರು ಮಂಚ, ಮಂಚಕ್ಕಿಷ್ಟು ಅಂತ ಬಾಡಿಗೆ. ಒಂದು ಸಂಸಾರ ಕೊಡೋದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ, ಓನರ್ ಯಾಕೆ ಬಿಡುತ್ತಾರೆ?

ಸರಿ, ಬೇರೆ ಮನೆ ನೋಡೋಣ ಅಂದರೆ ಅಡ್ವಾನ್ಸು. ಹತ್ತು ತಿಂಗಳದ್ದು! 18 ಸಾವಿರದ ಮನೆಗೆ 1 ಲಕ್ಷ 80 ಸಾವಿರ ಒಂದೇ ಸಲ ಎಲ್ಲಿಂದ ತರಬೇಕು ಸ್ವಾಮಿ? ಎರಡು ತಿಂಗಳಿಗಿಂತ ಹೆಚ್ಚು ತಗೋಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲೇ ಬರೆದಿದೆ, ಇಲ್ಲಿ ಯಾವ ಓನರಿಗಾದರೂ ಅದನ್ನು ಹೇಳಿ ನೋಡಿ, ನಕ್ಕು ಗೇಟು ಹಾಕಿಕೊಳ್ಳುತ್ತಾರೆ. ಕೊಟ್ಟ ಅಡ್ವಾನ್ಸೂ ಪೂರ್ತಿ ವಾಪಸ್ ಬರಲ್ಲ, ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಅಗ್ರಿಮೆಂಟು 11 ತಿಂಗಳಿಗೆ, ಯಾಕಂದ್ರೆ ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ. ಅದು ಮುಗಿಯೋ ಹೊತ್ತಿಗೆ ಬಾಡಿಗೆ ಏರಿಸಿ, ಇಲ್ಲಾ ಖಾಲಿ ಮಾಡಿ.

ಕಾನೂನು ಇದೆಯಲ್ಲ ಅಂತ ಯಾರೋ ಬುದ್ಧಿವಂತರು ಹೇಳಿದರು. ಹೌದು, ಕರ್ನಾಟಕ ಬಾಡಿಗೆ ಕಾಯ್ದೆ, 1999. ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ನಮಗೆ ಅನ್ವಯಿಸುವುದೇ ಇಲ್ಲ. ಆ ದುಡ್ಡಿಗೆ ಈಗ ಕಾರು ನಿಲ್ಲಿಸೋಕೆ ಜಾಗ ಸಿಕ್ಕರೆ ಪುಣ್ಯ. ಆವತ್ತು ಬರೆದ ಮಿತಿಯನ್ನು ಇವತ್ತಿಗೂ ಇಟ್ಟುಕೊಂಡು ಬಾಡಿಗೆದಾರರಿಗೆ ರಕ್ಷಣೆ ಇದೆ ಅಂತಾರಲ್ಲ, ನಾಚಿಕೆ ಆಗಲ್ವಾ?

ಇನ್ನು "ಊರಾಚೆ ಹೋಗಿ, ಮೆಟ್ರೋ ಇದೆಯಲ್ಲ" ಅನ್ನೋರು ಬೇರೆ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿಗೆ ಹೂ ತರಲು ಹೋಗೋರಿಗೆ ಯಾವ ಮೆಟ್ರೋ ಇದೆ ರೀ? ಮಕ್ಕಳ ಸ್ಕೂಲು, ವಯಸ್ಸಾದವರ ಡಾಕ್ಟರು, ಕೈಸಾಲ ಕೊಡೋ ಅಂಗಡಿ, ಎಲ್ಲ ಇಲ್ಲೇ ಇರೋದು.

ಓನರುಗಳ ಮೇಲೆ ಪೂರ್ತಿ ಸಿಟ್ಟೂ ಇಲ್ಲ ನನಗೆ. ಅಣ್ಣತಮ್ಮಂದಿರು ಪಾಲಾಗಬೇಕು, ಹಳೇ ಮನೆ ಸೋರುತ್ತೆ, ಬಿಲ್ಡರ್ ಬಂದು ದುಡ್ಡು ತೋರಿಸುತ್ತಾನೆ. ಸಿಟ್ಟು ಇರೋದು ಹೊಸ ಕಟ್ಟಡದ ನಕ್ಷೆಗೆ ಕಣ್ಣು ಮುಚ್ಚಿಕೊಂಡು ಸಹಿ ಹಾಕುವ ಅಧಿಕಾರಿಗಳ ಮೇಲೆ. ಮುಂಬೈಯಲ್ಲಿ ಎಷ್ಟೋ ಹಳೇ ಚಾಳುಗಳನ್ನು, ಅಂದ್ರೆ ಅಲ್ಲಿನ ವಠಾರಗಳನ್ನು, ಒಡೆದು ಕಟ್ಟುವಾಗ ಅಲ್ಲಿದ್ದ ಬಾಡಿಗೆದಾರರಿಗೂ ಹೊಸ ಕಟ್ಟಡದಲ್ಲೇ ಮನೆ ಕೊಡಬೇಕು ಅನ್ನೋ ನಿಯಮ ಇದೆ. ಅಲ್ಲೂ ತಕರಾರು ಬೇಕಾದಷ್ಟಿದೆ, ಆದರೂ ನಿಯಮ ಅಂತ ಒಂದಿದೆ. ಇಲ್ಲಿ ನಕ್ಷೆ ಮಂಜೂರು ಮಾಡುವಾಗ ಕಾರ್ ಪಾರ್ಕಿಂಗ್ ಎಷ್ಟು ಅಂತ ಕೇಳುತ್ತಾರೆ. ಒಡೆಯೋ ಮನೆಗಳಲ್ಲಿ ಎಷ್ಟು ಸಂಸಾರ ಇತ್ತು, ಅವರೆಲ್ಲ ಎಲ್ಲಿಗೆ ಹೋಗ್ತಾರೆ ಅಂತ ಆ ಫಾರ್ಮಿನಲ್ಲಿ ಒಂದು ಸಾಲು ಸೇರಿಸೋಕೆ ಇವರಿಗೆ ಏನು ಕಷ್ಟ?