ಜ್ವರ ಇದೆ ಅಂತ ಹೇಳೋಕೂ ಧೈರ್ಯ ಬೇಕಾ?

ಕೋವಿಡ್ ಸಮಯದಲ್ಲಿ ಗೇಟಿನ ಹತ್ತಿರ ಹಣೆಗೆ ಗನ್ ಹಿಡಿದು ಟೆಂಪರೇಚರ್ ನೋಡುತ್ತಿದ್ದರಲ್ಲ, ಅದನ್ನು ದಾಟುವುದು ಬಹಳ ಸುಲಭವಿತ್ತು. ಬರುವ ಮುಂಚೆ ಒಂದು ಪ್ಯಾರಾಸಿಟಮಾಲ್ ನುಂಗಿದರೆ ಮುಗೀತು. ಹಾಗೆ ಬಂದವರನ್ನು ಬೇಜವಾಬ್ದಾರಿ ಜನ ಅಂತ ಬೈದವರೇ ಜಾಸ್ತಿ. ಆ ಬೈಗುಳದಲ್ಲಿ ದೊಡ್ಡ ಪಾಲು ಅವರ ಮ್ಯಾನೇಜರ್‌ಗೆ ಸಲ್ಲಬೇಕು ಅಂತ ನನ್ನ ವಾದ. ರಜೆ ಹಾಕಿದರೆ ಸಂಬಳ ಕಟ್. ಹುಷಾರಿಲ್ಲ ಅಂದರೆ "ಇವತ್ತೇ ಆಗಬೇಕಿತ್ತಾ?" ಅನ್ನುವ ಮುಖ. ಇಂಥ ಕಡೆ ಯಾರೇ ಆದರೂ ಮಾತ್ರೆ ನುಂಗದೆ ಇನ್ನೇನು ಮಾಡುತ್ತಾರೆ?

ಮಾಸ್ಕು, ಸ್ಯಾನಿಟೈಸರು, ಕಿಟಕಿ ತೆಗೆದಿಡುವುದು ಎಲ್ಲ ಬೇಕು. ಆದರೆ ಕೆಟ್ಟ ಸುದ್ದಿ ತಂದವನನ್ನು ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದನ್ನ ಉಳಿದವರೆಲ್ಲ ಗಮನಿಸುತ್ತಾ ಇರುತ್ತಾರೆ. ಮೊದಲನೆಯವನಿಗೆ ಬೈಗುಳ ಬಿದ್ದರೆ ಎರಡನೆಯವನು ಬಾಯಿ ಬಿಡುವುದಿಲ್ಲ.

ಕೋವಿಡ್‌ನಂತೆಯೇ ಶ್ವಾಸಕೋಶಕ್ಕೆ ತಗಲುವ ಅಂಟುರೋಗ ಸಾರ್ಸ್, ಅದರ 2003ರ ಕಥೆ ಕೇಳಿ. ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊದಲ್ಲಿ ರೋಗ ಹೋಯಿತು ಅಂದುಕೊಂಡು ಆಸ್ಪತ್ರೆಗಳಲ್ಲಿ ಎನ್95 ಮಾಸ್ಕ್ ನಿಯಮ ಸಡಿಲಿಸಿದರು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ನರ್ಸ್‌ಗಳಿಗೆ ಮಾತ್ರ ಅನುಮಾನ ಹೋಗಲಿಲ್ಲ. ಕೆಲವು ರೋಗಿಗಳ ನ್ಯುಮೋನಿಯಾ ನೋಡಿ, ಇದು ಮತ್ತೆ ಸಾರ್ಸೇ ಇರಬೇಕು ಅಂದರು. ಅಲ್ಲ ಅಂತ ಮೇಲಿನವರು ಸಮಾಧಾನ ಹೇಳಿದರು. ಕೆಲವೇ ದಿನದಲ್ಲಿ ಎರಡನೇ ಅಲೆ ಬಯಲಾಯಿತು. ಅದೇ ಆಸ್ಪತ್ರೆಯ ಒಬ್ಬ ನರ್ಸ್ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗ ಒತ್ತಿ ಹೇಳಿದ್ದು ಇಷ್ಟೇ: ಅಪಾಯ ತಗ್ಗಿಸಲು ವಿಜ್ಞಾನ ಪೂರ್ತಿ ಖಾತ್ರಿಯಾಗಲಿ ಅಂತ ಕಾಯಬೇಡಿ. ಅಲ್ಲಿ ಹಾಸಿಗೆ ಪಕ್ಕ ನಿಂತವರಿಗೆ ಗೊತ್ತಾಗಿತ್ತು, ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗಿರಲಿಲ್ಲ. ಇದು ಆಸ್ಪತ್ರೆಗಷ್ಟೇ ಅಲ್ಲ, ಗೋದಾಮಿಗೂ ಕಾಲ್ ಸೆಂಟರಿಗೂ ಅನ್ವಯಿಸುತ್ತೆ.

ಇನ್ನು 2020ರ ಮಾರ್ಚ್. ಅಮೆರಿಕದ ಥಿಯೋಡೋರ್ ರೂಸ್‌ವೆಲ್ಟ್ ಯುದ್ಧನೌಕೆಯ ಕ್ಯಾಪ್ಟನ್ ಬ್ರೆಟ್ ಕ್ರೋಝಿಯರ್, ಸೋಂಕು ಹರಡುತ್ತಿದೆ, ಸಿಬ್ಬಂದಿಯನ್ನು ದಡಕ್ಕೆ ಇಳಿಸಿ ಅಂತ ಪತ್ರ ಬರೆದರು. ಪತ್ರ ಪತ್ರಿಕೆಗೆ ಸೋರಿತು. ಏಪ್ರಿಲ್ 2ಕ್ಕೆ ಅವರ ಅಧಿಕಾರ ಹೋಯಿತು. ಕೊನೆಗೆ ಆ ಹಡಗಿನ ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು, ಒಬ್ಬರು ಸತ್ತರು. ಪತ್ರ ಕಳಿಸಿದ ರೀತಿ ತಪ್ಪು ಅನ್ನುವವರು ಈಗಲೂ ಇದ್ದಾರೆ. ಇರಲಿ ಬಿಡಿ, ಬೇರೆ ಹಡಗುಗಳ ಅಧಿಕಾರಿಗಳಿಗೆ ಇದರಿಂದ ಯಾವ ಪಾಠ ಸಿಕ್ಕಿರಬಹುದು?

ಒಳ್ಳೆಯ ನಾಯಕ ಅಂದರೆ ಸಿಹಿಯಾಗಿ ಮಾತಾಡುವವನು ಅಂತ ಸುಮಾರು ಜನ ನಂಬಿದ್ದಾರೆ. ನನಗೆ ಸಿಡುಕು ಮೋರೆಯ ಸೂಪರ್‌ವೈಸರೇ ವಾಸಿ, "ಮೊದಲು ಮನೆಗೆ ಹೋಗ್ರೀ, ಸಂಬಳದ ವಿಷಯ ನಾನು ನೋಡ್ಕೋತೀನಿ" ಅನ್ನುವಂಥವರು. ಮೀಟಿಂಗಿನಲ್ಲಿ "ನಾವೆಲ್ಲ ಒಂದೇ ಕುಟುಂಬ" ಅನ್ನುವ ನಗುಮುಖದ ಬಾಸ್‌ಗಳು ಬೇರೆ ಇದ್ದಾರಲ್ಲ, ಅವರ ಹತ್ತಿರ ಸಿಕ್ ಲೀವ್ ಕೇಳಿ ನೋಡಿ. ಎಚ್‌ಆರ್‌ಗೆ ಮೇಲ್ ಹಾಕಿ ಅಂತಾರೆ.