ಅಪ್ಪ ದುಬೈಯಲ್ಲಿಲ್ಲ

ಇವತ್ತು ಸ್ಕೂಲ್ ಬಿಟ್ಟ ಮೇಲೆ ಒಂದನೇ ಕ್ಲಾಸಿನ ಹುಡುಗನೊಬ್ಬ ನನ್ನ ಸೆರಗು ಹಿಡಿದೆಳೆದು ಕೇಳಿದ: "ಮಿಸ್, ದುಬೈಯಲ್ಲೂ ಪೊಲೀಸ್ ಜೀಪ್ ಇರುತ್ತಾ?"

ಅವನ ಅಪ್ಪನನ್ನು ಜೀಪಿಗೆ ಹತ್ತಿಸಿದ್ದನ್ನು ಅವನೇ ಬಾಗಿಲ ಸಂದಿಯಿಂದ ನೋಡಿದ್ದಾನೆ. ಮನೆಯವರು ಮಾತ್ರ ಅಪ್ಪ ದುಬೈಗೆ ಕೆಲಸಕ್ಕೆ ಹೋಗಿದ್ದಾರೆ ಅಂತಲೇ ಹೇಳುತ್ತಿದ್ದಾರೆ. ಯಾರನ್ನು ನಂಬಿಸೋಕೆ ಸ್ವಾಮಿ ಈ ನಾಟಕ? ಇಡೀ ಬೀದಿಗೆ ಗೊತ್ತು. ಹಾಲಿನವನಿಗೂ ಗೊತ್ತು. ಗೊತ್ತಿಲ್ಲದವನ ಹಾಗೆ ಇರಬೇಕಾದವನು ಈ ಹುಡುಗ ಒಬ್ಬನೇ.

"ಸಣ್ಣ ಮಗು, ಅದಕ್ಕೇನು ತಿಳಿಯುತ್ತೆ" ಅಂತೀರಿ. ನಮ್ಮತ್ತೆಯೂ ಅದನ್ನೇ ಅಂದರು. ಪೂರ್ತಿ ತಿಳಿಯಲ್ಲ, ಅದೇ ತೊಂದರೆ. ನಾವು ಹೇಳದೆ ಬಿಟ್ಟಿದ್ದನ್ನು ಮಕ್ಕಳು ತಾವೇ ಕಟ್ಟಿಕೊಳ್ತಾರೆ. ಎಷ್ಟೋ ಸಲ ಅದರಲ್ಲಿ ತಪ್ಪು ಅವರದೇ ಆಗಿರುತ್ತದೆ. "ನಾನು ಹಟ ಮಾಡಿದೆ, ಅದಕ್ಕೇ ಅಪ್ಪ ಹೋದರು" ಅಂದುಕೊಳ್ತಾರೆ. ಆಮೇಲೆ ಹಾಸಿಗೆ ಒದ್ದೆ ಮಾಡಿಕೊಂಡರೆ ದೃಷ್ಟಿ ತೆಗೆಸೋಕೆ ಓಡ್ತೀವಿ.

ಅಮೆರಿಕದಲ್ಲಿ ಸೆಸಮಿ ಸ್ಟ್ರೀಟ್ ಅನ್ನೋ ಮಕ್ಕಳ ಟಿವಿ ಕಾರ್ಯಕ್ರಮದವರು 2013ರಲ್ಲೇ ಅಪ್ಪ ಜೈಲಿನಲ್ಲಿರುವ ಅಲೆಕ್ಸ್ ಅನ್ನೋ ಬೊಂಬೆಯನ್ನು ತಂದರು. ಬೊಂಬೆ ಹೇಳೋ ಮಾತು ನಮ್ಮ ಬಾಯಿಂದ ಬರಲ್ಲ!

ನಮ್ಮಲ್ಲಿ ತಾಯಿ ಜೈಲಿನಲ್ಲಿದ್ದರೆ ಆರು ವರ್ಷದವರೆಗೆ ಮಗು ಜೊತೆಗಿರಬಹುದು. ಆ ಮಕ್ಕಳ ಊಟ, ಆಟ, ಪಾಠದ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೊರಗೆ ಉಳಿದ ಮಗುವಿಗೆ ಏನು ಹೇಳಬೇಕು ಅಂತ ಯಾವ ಕೋರ್ಟೂ ಬಂದು ಕಲಿಸಲ್ಲ. ಮನೆಯವರೇ ಬಾಯಿ ಬಿಡಬೇಕು.

ಹೇಳೋದು ಅಷ್ಟು ಕಷ್ಟವೂ ಅಲ್ಲ. "ಅಪ್ಪ ಜೈಲಿನಲ್ಲಿದ್ದಾರೆ. ತಪ್ಪು ಮಾಡಿದ್ದಾರಾ ಅಂತ ಜಡ್ಜ್ ನೋಡ್ತಾರೆ. ನಿನ್ನಿಂದ ಹೀಗಾಗಿಲ್ಲ. ರಾತ್ರಿ ನಾನು ಪಕ್ಕದಲ್ಲೇ ಮಲಗ್ತೀನಿ." ಇಷ್ಟು ಸಾಕು. ಕೇಸಿನ ಪುರಾಣ ಬೇಡ. ದೀಪಾವಳಿಗೆ ಬರ್ತಾರೆ ಅಂತ ಮಾತು ಕೊಡಲೇಬೇಡಿ. ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಜಾಮೀನು ಯಾವಾಗ ಅನ್ನೋದು ಎಷ್ಟೋ ಸಲ ವಕೀಲರಿಗೂ ಗೊತ್ತಿರಲ್ಲ. ನೋಡೋಕೆ ಕರೆದುಕೊಂಡು ಹೋಗೋದಾದರೆ ಮೊದಲೇ ಹೇಳಿ: ಅಲ್ಲಿ ಚೆಕ್ ಮಾಡ್ತಾರೆ, ಜಾಸ್ತಿ ಹೊತ್ತು ಬಿಡಲ್ಲ, ಅಪ್ಪ ಎತ್ತಿಕೊಳ್ಳೋಕೆ ಆಗದೇ ಇರಬಹುದು.

ನಿಜ ಹೇಳಲಾ? ಆ ಅಪ್ಪನ ಮೇಲೆ ನನಗೆ ಒಂಚೂರೂ ಕನಿಕರ ಇಲ್ಲ. ಈ ಹುಡುಗನಿಗೆ ಇದೆ, ಬೇಕಾದಷ್ಟಿದೆ. ಅದನ್ನು ಕಿತ್ತುಕೊಳ್ಳೋಕೆ ನಾನ್ಯಾರು?

ಇನ್ನು, ಕ್ಲಾಸಿನ ಪೇರೆಂಟ್ಸ್ ಗ್ರೂಪಿನಲ್ಲಿ ಬಂಧನದ ವಿಡಿಯೊ ಹಾಕಿ "ಪಾಪ ಮಗು" ಅಂತ ಅಳುವ ಎಮೋಜಿ ಒತ್ತಿದ ಮಹಾತಾಯಿ, ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದೀರಿ. ಡಿಲೀಟ್ ಮಾಡಿ. ನಿಮ್ಮ ಫೋನಿನಿಂದ ಮಾತ್ರ ಅಲ್ಲ, ಡಿಲೀಟ್ ಫಾರ್ ಎವ್ರಿವನ್.